ಒಂದು ವಾರ ಮುಂದಕ್ಕೆ

ಆಸ್ಪತ್ರೆಯ ಹಳೆಯ ಮುಖ್ಯಸ್ಥರು ತೀರಿಕೊಂಡ ಮರುದಿನ ಬೆಳಿಗ್ಗೆ ಹೊರರೋಗಿಗಳ ಹಾಲಿನಲ್ಲಿ ಎರಡು ನಿಮಿಷದ ಮೌನ ಏರ್ಪಾಡಾಗಿತ್ತು. ಮುಂದಿನ ಸಾಲಿನಲ್ಲಿ ಡಾಕ್ಟರುಗಳು, ಅವರ ಹಿಂದೆ ನರ್ಸುಗಳು, ಗೋಡೆಗೆ ಒರಗಿಕೊಂಡು ಕಸ ಗುಡಿಸುವವರು, ಇದೂ ಒಂದು ಪರೀಕ್ಷೆಯೇ ಇರಬೇಕು ಎಂದುಕೊಂಡು ತಾವೂ ಎದ್ದು ನಿಂತ ನಲವತ್ತು ಐವತ್ತು ಮಂದಿ ರೋಗಿಗಳು. ಎಲ್ಲರೂ ತಲೆ ತಗ್ಗಿಸಿದರು. ಕೆಮ್ಮಲೆಂದೇ ಆಸ್ಪತ್ರೆಗೆ ಬಂದವರೂ ಕೆಮ್ಮನ್ನು ನುಂಗಿಕೊಂಡರು. ಮೌನ ಒಂದೂವರೆ ನಿಮಿಷ ದಾಟಿರಬಹುದು, ಮೂರನೆಯ ಸಾಲಿನಿಂದ ಒಂದು ಹೆಣ್ಣುದನಿ ಸ್ಪಷ್ಟವಾಗಿ, ಅಕ್ಕರೆಯಿಂದ, ಅಷ್ಟೇ ಅಧಿಕಾರದಿಂದ ಕೇಳಿಸಿತು:

"ಸರಿ, ಈಗ ಉಸಿರು ಬಿಡಿ."

ಎಲ್ಲರೂ ಬಿಟ್ಟರು. ಹೊಸ ಮುಖ್ಯಸ್ಥರು ಎಲ್ಲರಿಗಿಂತ ಜೋರಾಗಿ ಬಿಟ್ಟರು. ಹಿಂದಿನ ಸಾಲಿನ ಒಬ್ಬ ಮುದುಕರಂತೂ ಎಕ್ಸ್‌ರೇ ಪಟ ತೆಗೆದಾಯಿತು ಎಂದುಕೊಂಡು, ಬಿಚ್ಚಿಯೇ ಇಲ್ಲದ ಅಂಗಿಯ ಗುಂಡಿ ಹಾಕಿಕೊಳ್ಳಲು ತಡಕಾಡಿದರಂತೆ. ಉಳಿದ ಅರ್ಧ ನಿಮಿಷವನ್ನು ಆಸ್ಪತ್ರೆಯವರು ನಗು ತಡೆಯುವುದರಲ್ಲಿ ಕಳೆದರು. ತೀರಿಕೊಂಡವರು ಶಾಂತಸ್ವಭಾವದವರು, ಬದುಕಿದ್ದರೆ ಅವರೂ ನಗುತ್ತಿದ್ದರು.

ಆ ದನಿಯ ಒಡತಿಯನ್ನು ಎಲ್ಲರೂ ಕರೆಯುವುದು ಉಸಿರಮ್ಮ ಎಂದೇ. ಐವತ್ತೆರಡು ವಯಸ್ಸು, ಗಿಡ್ಡ ಮೈಕಟ್ಟು, ಮೂಗಿನ ತುದಿಯಲ್ಲಿ ಕನ್ನಡಕ, ಎದೆಯ ಮೇಲೆ ವಿಕಿರಣ ಅಳೆಯುವ ಪುಟ್ಟ ಬ್ಯಾಡ್ಜು. ಮೊದಲು ಎಕ್ಸ್‌ರೇ ಕೋಣೆಯಲ್ಲಿ, ಆಮೇಲೆ ಅದರ ಪಕ್ಕದ ಸ್ಕ್ಯಾನಿಂಗ್ ಕೋಣೆಯಲ್ಲಿ, ಒಟ್ಟು ಇಪ್ಪತ್ತಮೂರು ವರ್ಷ ಅವಳು ಆಡಿದ್ದು ಮೂರೇ ಮಾತು: ಉಸಿರು ತಗೊಳ್ಳಿ, ಹಿಡ್ಕೊಳ್ಳಿ, ಬಿಡಿ. ದಿನಕ್ಕೆ ಐವತ್ತು ಅರವತ್ತು ಸಲ. ಹೊಸ ಸ್ಕ್ಯಾನಿಂಗ್ ಯಂತ್ರ ಬಂದಾಗ ಇದನ್ನೆಲ್ಲ ತಾನೇ ಹೇಳುವ ರೆಕಾರ್ಡು ಮಾಡಿದ ಒಂದು ಹೆಣ್ಣುದನಿಯೂ ಅದರೊಳಗೆ ಕೂತುಕೊಂಡು ಬಂತು. ಉಸಿರಮ್ಮ ಮೊದಲ ದಿನವೇ ಅದರ ಬಾಯಿ ಮುಚ್ಚಿಸಿದಳು. ಸ್ವಂತ ಉಸಿರೇ ಇಲ್ಲದವಳು ಇನ್ನೊಬ್ಬರ ಉಸಿರಿಗೆ ಅಪ್ಪಣೆ ಕೊಡುವುದೇನು ಎಂಬುದು ಅವಳ ವಾದ. ಯಂತ್ರದವಳು ಹಿಡ್ಕೊಳ್ಳಿ ಎನ್ನುತ್ತಾಳೆ, ರೋಗಿ ನಿಜಕ್ಕೂ ಹಿಡಿದಿದ್ದಾನೋ ಇಲ್ಲವೋ ನೋಡುವುದಿಲ್ಲ. ಉಸಿರಮ್ಮ ನೋಡುತ್ತಾಳೆ. ಗಂಟಲ ಕುಳಿ, ಭುಜದ ಏರು, ಮೂಗಿನ ಹೊಳ್ಳೆ ಇಷ್ಟನ್ನು ಗಾಜಿನಾಚೆಯಿಂದ ನೋಡಿಯೇ ಯಾರು ಉಸಿರು ಹಿಡಿದಿದ್ದಾರೆ, ಯಾರು ಹಿಡಿದ ಹಾಗೆ ಮಾಡುತ್ತಿದ್ದಾರೆ ಎಂದು ಹೇಳಬಲ್ಲಳು.

ಎದೆಗಾರಿಕೆ ಬೇರೆಯವರಿಗೆ ಗುಣವಾದರೆ ಅವಳಿಗೆ ಕಸುಬು. ಊರಿನ ಅರ್ಧ ಜನರ ಎದೆಯೊಳಗೆ ಏನಿದೆ ಎಂದು ಅವಳಿಗೆ ಗೊತ್ತು. ಆದರೆ ಬಾಯಿ ಬಿಡುವಂತಿಲ್ಲ. ಪಟ ತೆಗೆಯುವವರು ಬೇರೆ, ಓದುವವರು ಬೇರೆ. ಏನಿದೆ ಮೇಡಂ ಎಂದು ಯಾರಾದರೂ ಕೇಳಿದರೆ, ಡಾಕ್ಟರ್ ಹೇಳ್ತಾರೆ ಎಂದಷ್ಟೇ ಹೇಳಿ ಅಂಗಿ ಕೈಗೆ ಕೊಡಬೇಕು. ಈ ನಿಯಮವನ್ನು ಅವಳು ಮುರಿದದ್ದು ಇಡೀ ನೌಕರಿಯಲ್ಲಿ ಒಂದೇ ಸಲ. ಎರಡೇ ಪದ ಹೇಳಿದ್ದಳು. ಅದಕ್ಕೆ ಇಪ್ಪತ್ತೆರಡು ವರ್ಷ ಕಳೆದಿದ್ದವು.

ಮೌನದ ಹಾಲಿನಿಂದ ತಪ್ಪಿಸಿಕೊಂಡು ಬಂದು, ಸೀಸದ ಬಾಗಿಲು ಮುಚ್ಚಿಕೊಂಡು, ಅವಳು ನಾಚಿಕೆಯಿಂದ ಮುಖ ಮುಚ್ಚಿಕೊಂಡಳು. ನಾಚಿಕೆ ಇಳಿದ ಮೇಲೆ ನಗು ಬಂತು. ನಗು ಬಂದ ಹಿಂದೆಯೇ, ಎಂದಿನಂತೆ, ಇದನ್ನು ಅಕ್ಕನಿಗೆ ಹೇಳಬೇಕು ಅನಿಸಿತು.

ಅಕ್ಕ ಇದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು. ನಗುವಾಗ ಬಲಗೈ ಅಂಗೈಯನ್ನು ಬಲಪಕ್ಕೆಗೆ ಒತ್ತಿ ಹಿಡಿದು, ಸಾಕು ನಿಲ್ಲಿಸೇ, ಪಕ್ಕೆ ಕಿತ್ತು ಬರುತ್ತೆ ಎನ್ನುತ್ತಿದ್ದಳು. ಅಕ್ಕ ಈಗಲೂ ಇದ್ದಾಳೆ, ಗಟ್ಟಿಯಾಗಿಯೇ ಇದ್ದಾಳೆ, ಬಸ್ಸಿನಲ್ಲಿ ಮೂರು ಗಂಟೆಯ ದಾರಿಯ ಊರಿನಲ್ಲಿ. ಇಲ್ಲದೇ ಇರುವುದು ಮಾತು. ಅಕ್ಕರೆ ಎಂಬ ಪದದೊಳಗೇ ಅಕ್ಕ ಕೂತಿದ್ದಾಳೆ. ಉಸಿರಮ್ಮನ ಮನೆಯಲ್ಲಿ ಮಾತ್ರ ಇಪ್ಪತ್ತೆರಡು ವರ್ಷದಿಂದ ಕೂತಿರಲಿಲ್ಲ. ಇನ್ನೊಂದೇ ಒಂದು ಸಲ ಅಕ್ಕ ಅವಳನ್ನು ಏಕವಚನದಲ್ಲಿ ಕರೆದು ಒಂದು ಮಾತಾಡಲಿ ಎನ್ನುವುದನ್ನು ಬಿಟ್ಟರೆ ಈ ಹೆಂಗಸಿಗೆ ಬದುಕಿನಿಂದ ಬೇರೆ ಏನೂ ಬೇಕಾಗಿರಲಿಲ್ಲ. ಬೈಗುಳವಾದರೂ ಆದೀತು.

ಆಗ ಮನೆಯಲ್ಲಿ ಮೂವರು: ಅಮ್ಮ, ಅಕ್ಕ, ತಂಗಿ. ಎರಡು ಕೋಣೆಯ ಮನೆ, ಒಂದು ಕಿಟಕಿ. ಅಕ್ಕ ಬಟ್ಟೆ ಹೊಲಿಯುವ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ತಂಗಿಗೆ ಆಸ್ಪತ್ರೆಯಲ್ಲಿ ನೌಕರಿ ಸಿಕ್ಕಿ ಒಂದು ವರ್ಷವಾಗಿತ್ತು. ಅಕ್ಕನಿಗೆ ಮೂವತ್ತನಾಲ್ಕಾಗಿದ್ದಾಗ ಒಂದು ವಿಚಿತ್ರ ನೋವು ಶುರುವಾಯಿತು. ಬಲಭುಜದ ತುದಿಯಲ್ಲಿ ಹುಟ್ಟಿ, ಬಲಪಕ್ಕೆಗೆ ಇಳಿದು, ಆಮೇಲೆ ಉಸಿರಿಗೆ ಅಡ್ಡ ನಿಲ್ಲುವುದು. ಮೆಷೀನಿನ ಪೆಡಲು ತುಳಿಯಲಾಗದೆ ಎರಡು ಮೂರು ದಿನ ಗೋಡೆಗೊರಗಿ ಕೂರುತ್ತಿದ್ದಳು, ಮಲಗಿದರೆ ಇನ್ನೂ ಕಷ್ಟ. ವಾರ ತುಂಬುವುದರೊಳಗೆ ಏನೂ ಆಗಿಯೇ ಇಲ್ಲ ಎನ್ನುವಂತೆ ಎದ್ದು ಓಡಾಡುತ್ತಿದ್ದಳು. ಮುಂದಿನ ತಿಂಗಳು ಮತ್ತೆ ಅದೇ.

ತಿಂಗಳ ಲೆಕ್ಕ ಯಾರಿಗೂ ಹೊಳೆಯಲಿಲ್ಲವೇ ಎಂದರೆ, ಹೊಳೆಯಿತು. ಆದರೆ ತಪ್ಪು ದಿಕ್ಕಿನಲ್ಲಿ ಹೊಳೆಯಿತು. ಮುಟ್ಟಿನ ವಿಷಯವನ್ನು ಯಾರೂ ಮುಟ್ಟುವುದಿಲ್ಲವಲ್ಲ. ಅಮ್ಮ, ಎಲ್ಲರಿಗೂ ಆಗುತ್ತೆ, ನಿನಗೊಬ್ಬಳಿಗೆ ಎದೆಗೆ ಏರಿತೇನು ಎಂದು ಗೊಣಗಿದಳು. ಅಂಗಡಿಯ ಮಾಲೀಕ, ಪ್ರತಿ ತಿಂಗಳೂ ಅದೇ ಹೊತ್ತಿಗೆ ರಜ ಹಾಕಿದರೆ ಹೇಗೆ, ಆಸ್ಪತ್ರೆಯಿಂದ ಏನಾದರೂ ಬರೆಸಿಕೊಂಡು ಬಾ ಎಂದ. ಬರೆಸಿಕೊಡಲು ಮನೆಯಲ್ಲೇ ಒಬ್ಬಳಿದ್ದಳಲ್ಲ. ತಂಗಿ ಡಾಕ್ಟರರ ಹತ್ತಿರ ಚೀಟಿ ಬರೆಸಿ, ತಾನೇ ಪಟ ತೆಗೆಯುತ್ತೇನೆ ಎಂದಳು.

ಇಲ್ಲೇ ಅವಳ ಒಳ್ಳೆಯತನ ಅಡ್ಡ ಬಂತು. ಎಕ್ಸ್‌ರೇ ಕೋಣೆಯಲ್ಲಿ ಹೆಂಗಸರಿಗೆ ಕೊಡುತ್ತಿದ್ದದ್ದು ಹಿಂದೆ ಎರಡೇ ದಾರದಲ್ಲಿ ಕಟ್ಟುವ ಒಂದು ತೆಳು ನಿಲುವಂಗಿ. ಅದನ್ನು ಹಾಕಿಕೊಂಡು ಓಣಿಯ ಬೆಂಚಿನಲ್ಲಿ ಸರದಿ ಕಾಯಬೇಕು, ಎದುರಿಗೆ ಗಂಡಸರ ಬೆಂಚು. ಶೌಚಾಲಯ ಅಂಗಳದ ಆಚೆ. ಆ ದಿನಗಳಲ್ಲಿ ಹೆಂಗಸರು ಪಡುವ ಪಾಡನ್ನು ತಂಗಿ ಒಂದು ವರ್ಷ ಕಣ್ಣಾರೆ ನೋಡಿದ್ದಳು. ಅಕ್ಕನಿಗೆ ಆ ಪಾಡು ಬೇಡ ಎಂದು, "ಈಗ ಬೇಡ ಕಣಕ್ಕ, ಒಂದು ವಾರ ಬಿಟ್ಟು ಬಾ, ಆರಾಮಾಗಿ ತೆಗೀತೀನಿ" ಎಂದಳು. ಅಕ್ಕ ಬಂದಳು. ಪಟ ಶುಭ್ರ. ಮುಂದಿನ ತಿಂಗಳೂ ಒಂದು ವಾರ ಬಿಟ್ಟು ಬಂದಳು. ಶುಭ್ರ. ಹೀಗೆ ಐದು ತಿಂಗಳು, ಐದು ಪಟ.

ಐದನೆಯದನ್ನು ತೆಗೆಯುವಾಗ ತಂಗಿ ಮೈಯೆಲ್ಲ ಕಣ್ಣಾಗಿದ್ದಳು. ಉದ್ದ ಜಡೆಯ ನೆರಳು ಪಟದ ಮೇಲೆ ಬಿದ್ದರೆ ಕಾಯಿಲೆಯ ಹಾಗೆ ಕಾಣುತ್ತದೆ. ಅಕ್ಕನದು ಸೊಂಟ ಮುಟ್ಟುವ ಜಡೆ. ಅದನ್ನು ಎರಡೂ ಕೈಯಲ್ಲಿ ಎತ್ತಿ ಸುತ್ತಿ ತನ್ನ ಕ್ಲಿಪ್ಪಿನಿಂದ ನೆತ್ತಿಗೆ ಸಿಕ್ಕಿಸಿದಳು. ಗದ್ದ ಹಲಗೆಯ ಮೇಲೆ ಇಡಿಸಿದಳು, ಭುಜ ಮುಂದಕ್ಕೆ ತಳ್ಳಿದಳು. ಉಸಿರು ತಗೋ, ಇನ್ನೂ ತಗೋ, ಹಿಡ್ಕೋ. ಕತ್ತಲೆಕೋಣೆಯ ಹುಳಿವಾಸನೆಯ ನೀರಿನಲ್ಲಿ ಪಟ ಮೂಡಿದಾಗ, ಕಸುಬು ಕಲಿಸಿದ ಮೇಷ್ಟ್ರು ಅದನ್ನು ದೀಪದ ಪೆಟ್ಟಿಗೆಗೆ ಹಚ್ಚಿ ಬಹಳ ಹೊತ್ತು ನೋಡಿದರು. ಪಕ್ಕೆಲುಬು ಎಣಿಸಿದರು. ಒಂದೂ ಅಲುಗಿರಲಿಲ್ಲ, ಓರೆಯಾಗಿರಲಿಲ್ಲ. ಯಾರನ್ನೂ ಹೊಗಳದ ಮನುಷ್ಯ, "ಎದೆ ಪಟ ಅಂದ್ರೆ ಹೀಗಿರ್ಬೇಕು" ಎಂದರು. ಅವಳ ಮೊದಲ ಶಹಭಾಸ್‌ಗಿರಿ ಅದು. ಮನೆಯವರೆಗೆ ಹೆಜ್ಜೆ ನೆಲಕ್ಕೆ ತಾಗಲಿಲ್ಲ.

ಮನೆಯಲ್ಲಿ ದೊಡ್ಡಪ್ಪ ಬಂದು ಕೂತಿದ್ದ. ಅಮ್ಮನೇ ಕರೆಸಿದ್ದಳು, ಬುದ್ಧಿ ಹೇಳಿಸಲು. ದೊಡ್ಡಪ್ಪ ಪಟವನ್ನು ಕಿಟಕಿಗೆ ಹಿಡಿದು, ತಲೆಕೆಳಗಾಗಿಯೇ ಹಿಡಿದು, ಗಂಭೀರವಾಗಿ ನೋಡಿದ. ಆಮೇಲೆ, ನೀನು ಅದರಲ್ಲೇ ಇರುವವಳಲ್ಲವೇ, ನೀನೇ ಹೇಳು, ಇವಳಿಗೇನಾಗಿದೆ ಎಂದು ಕೇಳಿದ. ಡಾಕ್ಟರ್ ಹೇಳ್ತಾರೆ ಎನ್ನಬೇಕಾಗಿದ್ದವಳು ತನ್ನ ಪಟವನ್ನೊಮ್ಮೆ ನೋಡಿದಳು, ಮೇಷ್ಟ್ರ ಮಾತು ಇನ್ನೂ ಕಿವಿಯಲ್ಲಿತ್ತು.

"ಏನೂ ಇಲ್ಲ" ಎಂದಳು.

ಅಕ್ಕ ಅವಳನ್ನು ನೋಡಿದಳು.  ಎಂಟು ದಿನದ ಮೇಲೆ ಬೇರೆ ಊರಿನ ಯಾರದೋ ಅಂಗಡಿಯಲ್ಲಿ ಕೆಲಸ ಗೊತ್ತು ಮಾಡಿಕೊಂಡು, ಹೊಲಿಗೆ ಮೆಷೀನಿನ ತಲೆಯನ್ನು ಬೆಡ್‌ಶೀಟಿನಲ್ಲಿ ಸುತ್ತಿ ಮಗುವಿನಂತೆ ಎತ್ತಿಕೊಂಡು ಹೊರಟುಹೋದಳು. ಅಮ್ಮ ತೀರಿಕೊಂಡಾಗ ಬಂದಿದ್ದಳು. ಅಮ್ಮನ ಕಾಲ ಬಳಿ ಒಬ್ಬಳು, ತಲೆಯ ಬಳಿ ಒಬ್ಬಳು ನಿಂತಿದ್ದರು. ಮೂರು ದಿನವೂ ಅಕ್ಕ ಮಾತಾಡಿದ್ದು ನೆಂಟರ ಮೂಲಕ: ಬಾಗಿಲು ಹಾಕ್ಕೋಬೇಕು, ಅವರಿಗೆ ಹೇಳಿ. ತಂಗಿ 'ಅವರು' ಆಗಿದ್ದಳು. ಬೈಗುಳಕ್ಕಿಂತ ಚುಚ್ಚುವ ಮರ್ಯಾದೆ.

ಆ ಪಟ ಮಾತ್ರ ಮತ್ತೆ ಆಸ್ಪತ್ರೆಗೆ ಹೋಯಿತು. ಕಲಿಯಲು ಬರುವವರಿಗೆ ಮಾದರಿಯಾಗಿರಲಿ ಎಂದು ಮೇಷ್ಟ್ರು ಅದನ್ನು ಇಸಿದುಕೊಂಡು ದೀಪದ ಪೆಟ್ಟಿಗೆಯ ಎಡಮೂಲೆಗೆ ಸಿಕ್ಕಿಸಿದರು. ಹದಿಮೂರು ವರ್ಷ ಅದು ಅಲ್ಲಿತ್ತು. ಬೇರೆಯವರ ಮನೆಗೋಡೆಯಲ್ಲಿ ಅಕ್ಕಂದಿರ ಮುಖ ಇರುತ್ತದೆ, ಇವಳಿಗೆ ದಿನಾ ದರ್ಶನ ಕೊಡುತ್ತಿದ್ದದ್ದು ಅಕ್ಕನ ಪಕ್ಕೆಲುಬು. ಬೆಳಿಗ್ಗೆ ಬಂದವಳೇ ಮೆತ್ತನೆ ಬಟ್ಟೆಯಿಂದ ಅದರ ಧೂಳು ಒರೆಸುತ್ತಿದ್ದಳು. ಎಡಗಡೆ ಹೃದಯದ ನೆರಳು, ಅರ್ಧ ಗೇಣಗಲ. ಅಕ್ಕನ ಹೃದಯದ ಅಳತೆ ಮಿಲಿಮೀಟರಿನಲ್ಲಿ ಬಲ್ಲ ತಂಗಿ ಲೋಕದಲ್ಲಿ ಇವಳೊಬ್ಬಳೇ ಇದ್ದಾಳು. ಅದರೊಳಗೆ ತನಗೆ ಜಾಗವಿದೆಯೋ ಇಲ್ಲವೋ ಎನ್ನುವುದು ಪಟದಲ್ಲಿ ಬಂದಿರಲಿಲ್ಲ. ಎಲ್ಲ ಕಂಪ್ಯೂಟರಿಗೆ ಬಂದು ದೀಪದ ಪೆಟ್ಟಿಗೆ ಗುಜರಿಗೆ ಹೋದಾಗ ಪಟವನ್ನು ಕಂದು ಲಕೋಟೆಯಲ್ಲಿಟ್ಟು ಮನೆಗೆ ತಂದು ಮಂಚದ ಕೆಳಗೆ ಇಟ್ಟುಕೊಂಡಳು.

ಅಕ್ಕನ ಈಗಿನ ಅಂಗಡಿ ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ಎರಡು ವರ್ಷಕ್ಕೊಮ್ಮೆ ಹೋಗುತ್ತಿದ್ದಳು ಕೂಡ. ಹೋಗಿ ಎದುರು ಸಾಲಿನ ಚಪ್ಪಲಿ ಅಂಗಡಿಯಲ್ಲಿ ನಿಂತು, ಗಾಜಿನೊಳಗಿಂದ ರಸ್ತೆಯಾಚೆ ನೋಡುತ್ತಿದ್ದಳು. ಅಕ್ಕ ಶಾಲೆಯ ಮಕ್ಕಳ ಸಮವಸ್ತ್ರಕ್ಕೆ ಗುರುತು ಹಾಕುವುದು, ದಾರ ಹಲ್ಲಿನಲ್ಲಿ ಕಡಿಯುವುದು, ಕೂದಲು ನರೆಯುತ್ತ ಬಂದದ್ದು. ಬಹಳ ಹೊತ್ತು ನಿಂತರೆ ಅಂಗಡಿಯವನು ಏನು ಬೇಕು ಎಂದು ಕೇಳುತ್ತಿದ್ದ. ಸಂಕೋಚಕ್ಕೆ ಒಂದು ಜೊತೆ ಶೂ ಲೇಸು ತೆಗೆದುಕೊಂಡು ಬರುತ್ತಿದ್ದಳು. ಬೀರುವಿನಲ್ಲಿ ಈಗ ಹನ್ನೊಂದು ಜೊತೆ ಲೇಸು ಇವೆ. ಅವಳು ಹಾಕುವುದು ಚಪ್ಪಲಿ.

ಇತ್ತ ಆಸ್ಪತ್ರೆಯಲ್ಲಿ, ಅಕ್ಕನಿಗೆಂದು ಶುರುವಾದ ಸೌಜನ್ಯ ಇಡೀ ವಿಭಾಗದ ಪದ್ಧತಿಯಾಯಿತು. ಅವಸರವಿಲ್ಲದ ಪಟಕ್ಕೆ ಬಂದ ಹೆಂಗಸರನ್ನು ದಿನ ಕೊಡುವ ಕಿಟಕಿಯಲ್ಲಿ ಮೆಲ್ಲಗೆ ಕೇಳುವುದು. ಆ ದಿನಗಳಾದರೆ ಒಂದು ವಾರ ಮುಂದಕ್ಕೆ ಹಾಕುವುದು. ಹೊಟ್ಟೆಯಲ್ಲಿ ಮಗುವಿದ್ದೀತು ಎನ್ನುವ ಅನುಮಾನಕ್ಕೂ ಆ ವಾರ ಕ್ಷೇಮವೇ, ಹಾಗಾಗಿ ಯಾರೂ ಆಕ್ಷೇಪ ಎತ್ತಲಿಲ್ಲ. ದೊಡ್ಡ ಪುಸ್ತಕದಲ್ಲಿ ಅದಕ್ಕೊಂದು ಸಂಕೇತವನ್ನೂ ಉಸಿರಮ್ಮನೇ ಮಾಡಿದ್ದಳು: ಒ.ವಾ.ಮುಂ. ಹೆಂಗಸರು ಕೈ ಮುಗಿದು ಥ್ಯಾಂಕ್ಸ್ ಹೇಳುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಥ್ಯಾಂಕ್ಸ್ ಹೇಳದೆ ಜಗಳಕ್ಕೆ ನಿಂತವಳು ಒಬ್ಬಳೇ, ಆ ಮೌನದ ಸಭೆಯಾದ ಮುಂದಿನ ವಾರ.

ಅವಳು ಬಸ್ ಕಂಡಕ್ಟರ್. ಮೂವತ್ತು ದಾಟಿದ ಹೆಂಗಸು, ಕೊರಳಲ್ಲಿ ಸೀಟಿ, ಬಸ್ಸಿನ ಹಿಂಬಾಗಿಲಿನಿಂದ ಮುಂದಿನ ಚಕ್ರದವರೆಗೆ ಕೇಳಿಸುವ ಗಂಟಲು. ಆರು ತಿಂಗಳ ಹಿಂದೆ ಬಸ್ಸಿನೊಳಗೇ ಸೀಟಿ ಊದಲು ಹೋಗಿ ಉಸಿರು ಸಾಲದೆ ಕುಸಿದಿದ್ದಳು. ಬಲಗಡೆಯ ಶ್ವಾಸಕೋಶ ಗಾಳಿ ಹೋದ ಟೈರಿನಂತೆ ಕೂತುಬಿಟ್ಟಿತ್ತು. ತುರ್ತು ವಾರ್ಡಿನಲ್ಲಿ ಪಕ್ಕೆಗೆ ನಳಿಗೆ ಹಾಕಿ ಎಬ್ಬಿಸಿದರು. ಎರಡು ತಿಂಗಳಿಗೆ ಮತ್ತೆ ಅದೇ. ಯಾಕೆ ಹೀಗಾಗುತ್ತಿದೆ ನೋಡಲು ಎದೆಯ ಸ್ಕ್ಯಾನ್ ಬರೆದರು. ಎರಡು ಸಲ ಮಾಡಿದ್ದೂ ಆಯಿತು, ಎರಡೂ ಸಲ ಏನೂ ಸಿಗಲಿಲ್ಲ. ಕಾರಣ ಬರೆದು ಕೊಡದಿದ್ದರೆ ಬಸ್ಸಿನಿಂದ ಇಳಿಸಿ ಡಿಪೋದಲ್ಲಿ ಮರೆತುಹೋದ ಸಾಮಾನಿನ ಕೋಣೆಗೆ ಹಾಕುತ್ತೇವೆ ಎಂದು ಮೇಲಿನವರು ಹೇಳಿದ್ದರು. ಕೊಡೆ ಕಾಯುವ ಕೆಲಸಕ್ಕೆ ನಾನು ಹುಟ್ಟಿದ್ದಲ್ಲ ಎಂದು ಅವಳು ಮೂರನೆಯ ಸಲ ಬಂದಿದ್ದಳು.

ಕಿಟಕಿಯಲ್ಲಿ ಚೀಟಿ ಬರೆಯುವವಳು ಎಂದಿನ ಪ್ರಶ್ನೆಯನ್ನು ಎಂದಿನ ಪಿಸುದನಿಯಲ್ಲಿ ಕೇಳಿದಳು. ಕಂಡಕ್ಟರ್ ಇಡೀ ಓಣಿಗೆ ಕೇಳಿಸುವಂತೆ ಉತ್ತರ ಕೊಟ್ಟಳು. ನಿನ್ನೆಯಿಂದ. ಹಾಗಾದರೆ ಒಂದು ವಾರ ಮುಂದಕ್ಕೆ ಎಂದು ಪೆನ್ನು ಎತ್ತಿದ್ದೇ ತಡ, ಗಲಾಟೆ ಶುರುವಾಯಿತು. ಉಸಿರಮ್ಮ ಕೋಣೆಯಿಂದ ಹೊರಗೆ ಬಂದು ನೋಡಿದರೆ, ಕಂಡಕ್ಟರ್ ಒಂದು ಕೈಯಿಂದ ಬಲಪಕ್ಕೆ ಹಿಡಿದುಕೊಂಡು ಇನ್ನೊಂದು ಕೈಯಿಂದ ಹಳೆಯ ಚೀಟಿಗಳನ್ನು ಬೀಸುತ್ತಿದ್ದಳು.

"ಎರಡು ಸಲಾನೂ ಹಿಂಗೇ ಮುಂದಕ್ಕೆ ತಳ್ಳಿದ್ರಿ. ನನಗೆ ನೋವು ಇವತ್ತು, ನಿಮ್ಮ ಫೋಟೋ ಮುಂದಿನ ವಾರ. ಬಸ್ಸು ಹೋದ್ಮೇಲೆ ಸ್ಟಾಪಲ್ಲಿ ನಿಂತು ಕೈ ತೋರ್ಸಿದ್ರೆ ಯಾರು ನಿಲ್ಲಿಸ್ತಾರೆ ಮೇಡಂ?"

"ನಿನ್ನ ಅನುಕೂಲಕ್ಕೇ ಅಲ್ವೇನಮ್ಮ" ಎಂದಳು ಉಸಿರಮ್ಮ.

"ಅನುಕೂಲ ಕೇಳ್ಕೊಂಡು ಬಂದಿದ್ರೆ ನಿಮ್ಮ ಬೆಂಚಲ್ಲಿ ಯಾಕೆ ಕೂರ್ತಿದ್ದೆ?"

ಓಣಿಯ ಎರಡೂ ಬೆಂಚುಗಳು ನಕ್ಕವು. ಉಸಿರಮ್ಮ ನಗಲಿಲ್ಲ. ಅವಳ ಕಣ್ಣು ಆ ಅಂಗೈ ಮೇಲಿತ್ತು, ಬಲಪಕ್ಕೆಗೆ ಒತ್ತಿ ಹಿಡಿದ ಅಂಗೈ. ಬಾ ಒಳಗೆ ಎಂದಳು.

ಮೇಜಿನ ಮೇಲೆ ಮಲಗಿಸಿದಳು. ಉಸಿರು ತಗೋ ಎಂದಾಗ ಕಂಡಕ್ಟರ್, ಅಷ್ಟೇ ಬರೋದು ಮೇಡಂ, ಬಸ್ ಫುಲ್ಲು ಎಂದಳು. ಆದರೂ ಬಲವಾಗಿ ಹಿಡಿದಳು. ಪರದೆಯ ಮೇಲೆ ಎದೆ ಹೋಳು ಹೋಳಾಗಿ ಮೂಡಿತು. ಪಟ ಓದಬಾರದವಳು ಓದಿದಳು. ಬಲಶ್ವಾಸಕೋಶದ ನೆತ್ತಿಯಲ್ಲಿ, ಇರಬಾರದ ಕಡೆ, ಉಗುರಿನ ಅಂಚಿನಷ್ಟು ಕಪ್ಪು ಗಾಳಿ. ಕೆಳಗೆ ಎದೆಗೂ ಹೊಟ್ಟೆಗೂ ನಡುವೆ ಚಪ್ಪರದಂತಿರುವ ವಪೆಯ ಮೇಲೆ ಎಳ್ಳಿನ ಗಾತ್ರದ ಮೂರು ನಾಲ್ಕು ಉಬ್ಬು. ಹಿಂದಿನ ಎರಡು ಸ್ಕ್ಯಾನುಗಳನ್ನು ಪಕ್ಕದಲ್ಲಿ ತೆರೆದಳು. ಅದೇ ಜಾಗ, ಗಾಜಿನಂತೆ ನುಣುಪು. 

ಪಟ ಓದುವ ಡಾಕ್ಟರಮ್ಮ ಇರುವುದು ಪಕ್ಕದ ಮಬ್ಬು ಕೋಣೆಯಲ್ಲಿ. ಮಗಳ ವಯಸ್ಸಿನ ಹುಡುಗಿ, ಕಾಫಿಯನ್ನು ತಣ್ಣಗಾದ ಮೇಲೆಯೇ ಕುಡಿಯುವವಳು. ಅವಳು ಮೂರೂ ಸ್ಕ್ಯಾನುಗಳನ್ನು ಹಿಂದೆ ಮುಂದೆ ಓಡಿಸಿ ನೋಡಿದಳು, ಕುರ್ಚಿ ಮುಂದಕ್ಕೆಳೆದುಕೊಂಡಳು, ಮುಟ್ಟಿನ ದಿನ ಯಾವುದು ಎಂದು ಕೇಳಿದಳು. ಇವತ್ತಿನದು ಎರಡನೆಯ ದಿನ. ಹಿಂದಿನವು ಯಾವ ದಿನ ತೆಗೆದದ್ದು? ಉಸಿರಮ್ಮ ದೊಡ್ಡ ಪುಸ್ತಕವನ್ನು ತಂದು ಬಿಡಿಸಿದಳು.

"ಒ.ವಾ.ಮುಂ. ಅಂದ್ರೇನು? ಯಾವುದಾದ್ರೂ ಮಾತ್ರೆನಾ?"

"ಒಂದು ವಾರ ಮುಂದಕ್ಕೆ."

"ಯಾಕೆ?"

"ಅನುಕೂಲ ಆಗ್ಲಿ ಅಂತ."

"ಯಾರಿಗೆ, ಕಾಯಿಲೆಗಾ?" ಎಂದಳು ಡಾಕ್ಟರಮ್ಮ, ತಮಾಷೆಗೆ. ಆಮೇಲೆ ಉಸಿರಮ್ಮನ ಮುಖ ನೋಡಿ ತಮಾಷೆ ನಿಲ್ಲಿಸಿ, ಬಿಡಿಸಿ ಹೇಳಿದಳು. ಗರ್ಭಕೋಶದ ಒಳಪದರದಂಥದ್ದೇ ಒಂದು ಪದರ ಕೆಲವರಿಗೆ ಹೊರಗೆ ಹೋಗಿ ನೆಲೆಸುತ್ತದೆ. ಎಂಡೊಮೆಟ್ರಿಯೋಸಿಸ್ ಎನ್ನುತ್ತಾರಲ್ಲ, ಅದು. ಹೆಚ್ಚಾಗಿ ಹೊಟ್ಟೆಯಲ್ಲೇ ಇರುತ್ತದೆ, ಅಪರೂಪಕ್ಕೆ ವಪೆಯನ್ನು ದಾಟಿ ಎದೆಗೆ ಏರುತ್ತದೆ, ಏರಿದರೆ ಬಹುಪಾಲು ಬಲಗಡೆಗೇ. ಎಲ್ಲಿ ಕೂತರೂ ತಿಂಗಳ ದಿನ ಮರೆಯುವುದಿಲ್ಲ. ಆ ದಿನ ಅದೂ ಊದುತ್ತದೆ, ಅದಕ್ಕೂ ರಕ್ತ ಬರುತ್ತದೆ, ವಪೆಯಲ್ಲಿ ಸಣ್ಣ ಕಂಡಿಗಳಾಗುತ್ತವೆ, ಗಾಳಿ ನುಗ್ಗಿ ಶ್ವಾಸಕೋಶ ಕುಸಿಯುತ್ತದೆ, ಭುಜ ನೋಯುತ್ತದೆ. ಕುಸಿತ ಸಣ್ಣದಾದರೆ ವಾರ ಹತ್ತು ದಿನದಲ್ಲಿ ತಾನೇ ಸರಿಹೋಗುತ್ತದೆ. ಆಮೇಲೆ ಪಟ ತೆಗೆದರೆ ಏನು ಕಾಣಬೇಕು? ಯಂತ್ರ ಎಷ್ಟು ದೊಡ್ಡದು ಎನ್ನುವುದಕ್ಕಿಂತ ದಿನ ಯಾವುದು ಎನ್ನುವುದು ಮುಖ್ಯ.

ಮರುದಿನವೇ, ಮುಟ್ಟು ಮುಗಿಯುವ ಮೊದಲು, ಎಂಆರ್‌ಐ ಮಾಡಿಸಿದರು. ಅದರಲ್ಲಿ ರಕ್ತ ಬೆಳ್ಳಗೆ ಹೊಳೆಯುವಂತೆ ಮಾಡುವ ಒಂದು ಬಗೆಯಿದೆ. ವಪೆಯ ಮೇಲಿನ ಎಳ್ಳುಗಳು ಬೆಳ್ಳಗೆ ಹೊಳೆದವು. ಪಟ ಹೇಳುವುದು ಅನುಮಾನ ಮಾತ್ರ, ಕಣ್ಣಿಂದ ನೋಡಬೇಕು ಎಂದು ಡಾಕ್ಟರಮ್ಮ ಬರೆದಳು. ಎದೆಯ ಸರ್ಜನ್ ಪಕ್ಕೆಯಲ್ಲಿ ಸಣ್ಣ ಕ್ಯಾಮೆರಾ ಇಳಿಸಿ ನೋಡಿದಾಗ ವಪೆಯಲ್ಲಿ ಕಂದು ಚುಕ್ಕಿ, ಅಲ್ಲಲ್ಲಿ ಜರಡಿಯಂಥ ತೂತು. ಹೊಲಿದರು. ಹೊಲಿಗೆ ಎಂದಾಗ ಉಸಿರಮ್ಮನಿಗೆ ಅಕ್ಕನ ಮೆಷೀನು ನೆನಪಾಯಿತು. ಕಂಡಕ್ಟರ್ ಎರಡು ತಿಂಗಳ ಮೇಲೆ ವಿಭಾಗಕ್ಕೆ ಬಂದು, ಓಣಿಯಲ್ಲೇ ನಿಂತು, ಒಂದು ಸೀಟಿ ಊದಿ ತೋರಿಸಿದಳು. ಆಸ್ಪತ್ರೆಯಲ್ಲಿ ಸದ್ದು ಮಾಡಬಾರದು ಎಂದು ನರ್ಸೊಬ್ಬಳು ಓಡಿ ಬಂದಾಗ, "ರೈಟ್ ಆಗಿದೆ ಅಂತ ತೋರಿಸ್ದೆ ಸಿಸ್ಟರ್, ರೈಟ್ ಸೈಡು" ಎಂದಳು.

ಅದಕ್ಕೂ ಮೊದಲೇ ಒಂದು ಮಧ್ಯಾಹ್ನ ಉಸಿರಮ್ಮ ಮಬ್ಬು ಕೋಣೆಗೆ ಹೋಗಿ ಬಾಗಿಲ ಬಳಿಯೇ ನಿಂತಿದ್ದಳು. ಯಾರೋ ಒಬ್ಬಳು, ತುಂಬ ಹಿಂದೆ, ಬಲಭುಜ, ಬಲಪಕ್ಕೆ, ತಿಂಗಳು ತಿಂಗಳೂ, ಐದು ಪಟ, ಐದೂ ಶುಭ್ರ. ಅವಳಿಗೂ ಇದೇ ಇದ್ದಿರಬಹುದೇ ಎಂದು ಕೇಳಿದಳು.

"ಯಾವ ದಿನ ತೆಗೆದಿದ್ದು?"

"ಎಂಟನೇ ದಿನ. ಐದು ಸಲಾನೂ."

"ಆ ದಿನ ಕೊಟ್ಟೋರು ಯಾರು?"

ಉಸಿರಮ್ಮ ಎದೆಯ ಮೇಲಿನ ಬ್ಯಾಡ್ಜನ್ನು ಸರಿಮಾಡಿಕೊಂಡಳು. ಡಾಕ್ಟರಮ್ಮ ಒತ್ತಾಯಿಸಲಿಲ್ಲ. ಈಗ ಯಾವ ಪಟದಿಂದಲೂ ಸಾಬೀತು ಮಾಡಲಾಗದು, ಆದರೆ ಆ ಹೆಂಗಸು ಇಂದು ಬಂದು ಹೀಗೆ ಹೇಳಿದರೆ ನಾನು ನಂಬುತ್ತೇನೆ ಎಂದಷ್ಟೇ ಹೇಳಿ ತಣ್ಣನೆ ಕಾಫಿ ಎತ್ತಿಕೊಂಡಳು. ಆ ಸಂಜೆ ಉಸಿರಮ್ಮ ದಿನ ಕೊಡುವ ಕಿಟಕಿಗೆ ಹೋಗಿ, ತಿಂಗಳಿಗೊಮ್ಮೆ ಬರುವ ನೋವಿಗೆ ಆ ದಿನವೇ ಪಟ ಎಂದು ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದಳು. ದಪ್ಪ ಬಟ್ಟೆಯ ಇಪ್ಪತ್ತು ನಿಲುವಂಗಿ ಬೇಕೆಂದು ಅರ್ಜಿ ಕೊಟ್ಟಳು. ಹಳೆಯ ಪುಸ್ತಕಗಳ ಒ.ವಾ.ಮುಂ.ಗಳನ್ನು ಎಣಿಸಲು ಕೂತು, ನಾಲ್ಕನೆಯ ಪುಟಕ್ಕೆ ಕೈಚೆಲ್ಲಿದಳು.

ಭಾನುವಾರ ಲಕೋಟೆಯನ್ನು ಎದೆಗವಚಿಕೊಂಡು ಬಸ್ ಹತ್ತಿದಳು. ಮೂರು ಗಂಟೆ ದಾರಿಯುದ್ದಕ್ಕೂ ಮಾತು ಹೊಂದಿಸಿದಳು. ಕ್ಷಮಿಸು ಎಂದು ಶುರುಮಾಡಬೇಕೋ, ಹೇಗಿದ್ದೀಯ ಎಂದೋ? ಅಕ್ಕ ಏನಾದರೂ ಕೇಳಿದರೆ ಯಾವುದಕ್ಕೆ ಯಾವ ಉತ್ತರ? ಪ್ರಶ್ನೆಪತ್ರಿಕೆ ತಾನೇ ಬರೆದು ತಾನೇ ಪಾಸಾದಳು. ಚಪ್ಪಲಿ ಅಂಗಡಿಯ ಗಾಜಿನ ಮುಂದೆ ಕಾಲು ಅಭ್ಯಾಸಬಲದಿಂದ ನಿಂತಿತು. ಅಂಗಡಿಯವನು ಶೂ ಲೇಸಿನ ಡಬ್ಬಕ್ಕೆ ಕೈ ಹಾಕಿಯೂ ಬಿಟ್ಟ. ಬೇಡ ಎಂದು ತಲೆಯಾಡಿಸಿ ರಸ್ತೆ ದಾಟಿದಳು.

ಅಂಗಡಿ ಸಣ್ಣದು. ಗೋಡೆಯ ತುಂಬ ನೇತಾಡುವ ನೀಲಿ ಲಂಗ, ಬಿಳಿ ಅಂಗಿ. ಅಕ್ಕನ ಕೊರಳಲ್ಲಿ ಅಳತೆಪಟ್ಟಿ, ಬೆರಳಲ್ಲಿ ಸೀಮೆಸುಣ್ಣ. ಜಡೆ ಇರಲಿಲ್ಲ, ಕತ್ತಿನವರೆಗೆ ಕತ್ತರಿಸಿದ ಬೆಳ್ಳಿಕೂದಲು. ಬಾಗಿಲಲ್ಲಿ ನೆರಳು ಬಿದ್ದದ್ದಕ್ಕೆ, ತಲೆ ಎತ್ತದೆ, ಅಳತೆ ಕೊಡಲಿಕ್ಕೋ, ಹೊಲಿದದ್ದು ಒಯ್ಯಲಿಕ್ಕೋ ಎಂದು ಕೇಳಿದಳು. ಉತ್ತರ ಬಾರದಿದ್ದಾಗ ತಲೆ ಎತ್ತಿದಳು. ಸೀಮೆಸುಣ್ಣ ಬಟ್ಟೆಯ ಮೇಲೆ ನಿಂತಲ್ಲೇ ನಿಂತಿತು.

ಹೊಂದಿಸಿಕೊಂಡು ಬಂದ ಮಾತೆಲ್ಲ ಕೈಕೊಟ್ಟಿತು. ಉಸಿರಮ್ಮ ನಿಂತಲ್ಲೇ ಕಂಡಕ್ಟರಳ ಕತೆ ಶುರುಮಾಡಿದಳು. ವಪೆ, ತೂತು, ಎಳ್ಳು, ಎರಡನೆಯ ದಿನ, ಎಂಟನೆಯ ದಿನ ಎಲ್ಲವನ್ನೂ ಹಿಂದುಮುಂದಾಗಿ ಹೇಳಿದಳು. ಒಂದು ವಾರ ಬಿಟ್ಟು ಬಾ ಎಂದದ್ದು ನಾನು ಎಂದಳು. ನಿನ್ನ ನೋವು ನಿಜ, ನಾನು ಅದನ್ನು ನೋಡಿದ್ದು ಅದು ಎದ್ದುಹೋದ ಮೇಲೆ ಎಂದಳು.  ಅಕ್ಕ ಸ್ಟೂಲನ್ನು ಕಾಲಿಂದ ಮುಂದಕ್ಕೆ ತಳ್ಳಿದಳು. ಉಸಿರಮ್ಮ ಕೂತಳು.

ಲಕೋಟೆಯಿಂದ ಪಟ ತೆಗೆದು ಅಕ್ಕ ಟ್ಯೂಬ್‌ಲೈಟಿಗೆ ಹಿಡಿದಳು. ಸರಿಯಾಗಿಯೇ ಹಿಡಿದಳು. ತನ್ನ ಒಳಗನ್ನು ಬೇರೆ ಯಾರದೋ ಬಟ್ಟೆಯ ಹೊಲಿಗೆ ನೋಡುವವಳಂತೆ ಕಣ್ಣು ಕಿರಿದು ಮಾಡಿ ನೋಡಿದಳು.

"ಜಡೆ ಎಲ್ಲಿ?"

"ಎತ್ತಿ ಕಟ್ಟಿದ್ದೆ. ನೆರಳು ಬೀಳಬಾರದು ಅಂತ."

"ನಿನ್ನ ಕ್ಲಿಪ್ಪು. ಬಿಗಿಯಾಗಿತ್ತು" ಎಂದಳು ಅಕ್ಕ.

ನಿನ್ನ, ಎಂದಿದ್ದಳು. ಉಸಿರಮ್ಮ ಆ ಪದವನ್ನು ಬಾಯಿಗೆ ಹಾಕಿಕೊಂಡ ಪೆಪ್ಪರಮೆಂಟಿನ ಹಾಗೆ ಒಳಗೇ ಹೊರಳಿಸಿದಳು. ನೋವು ಐವತ್ತಕ್ಕೆ ತಾನಾಗಿ ನಿಂತುಹೋಯಿತು ಎಂದು ಅಕ್ಕ ಹೇಳಿದಳು. ಮುಟ್ಟು ನಿಂತ ಮೇಲೆ ಅದೂ ನಿಂತಿತು. ನಿಂತದ್ದನ್ನು ಯಾರಿಗಾದರೂ ಹೇಳೋಣವೆಂದರೆ, ಇತ್ತು ಎಂದು ಒಪ್ಪಿದವರೇ ಇರಲಿಲ್ಲ. ಹದಿನಾರು ವರ್ಷ ತಿಂಗಳಿಗೆ ಎರಡು ದಿನ ಅವಳ ಮೆಷೀನು ನಿಂತಿರುತ್ತಿತ್ತು, ಸ್ವಂತ ಅಂಗಡಿಯಾದ ಮೇಲೆ ಬಾಗಿಲೇ ಮುಚ್ಚಿರುತ್ತಿತ್ತು. ಊರಿನವರು, ಈ ಟೈಲರಮ್ಮನಿಗೆ ಆಗಾಗ ತಲೆ ತಿರುಗುತ್ತದೆ ಎಂದುಕೊಂಡಿದ್ದರು.

ಆಮೇಲೆ ಪಟವನ್ನು ಇಳಿಸಿ ಮೆಷೀನಿನ ಮೇಲಿಟ್ಟು, ಅದರ ಮೇಲೆ ಅಂಗೈ ಇಟ್ಟುಕೊಂಡಳು.

"ಒಂದು ಕೇಳ್ತೀನಿ. ಅವತ್ತು ದೊಡ್ಡಪ್ಪನ ಮುಂದೆ ಏನೂ ಇಲ್ಲ ಅಂದೆ. ಅದು ಪಟ ಹೇಳಿದ್ದು, ಬಿಡು. ನೀನು? ನಿನ್ನ ಮನಸ್ಸಿನಲ್ಲಾದ್ರೂ ನನ್ನ ನಂಬಿದ್ಯಾ?"

ಬಸ್ಸಿನಲ್ಲಿ ಬರೆದುಕೊಂಡ ಪ್ರಶ್ನೆಪತ್ರಿಕೆಯಲ್ಲಿ ಇದು ಇತ್ತು, ಉತ್ತರವೂ ತುದಿನಾಲಗೆಯಲ್ಲೇ ಇತ್ತು, ಒಂದೇ ಪದ: ನಂಬಿದ್ದೆ. ಉಸಿರಮ್ಮ ಅಕ್ಕನ ಮುಖ ನೋಡಿದಳು. ಗಂಟಲ ಕುಳಿ ನೋಡಿದಳು, ಭುಜ ನೋಡಿದಳು. ಅಕ್ಕ ನಿಜಕ್ಕೂ ಉಸಿರು ಹಿಡಿದಿದ್ದಳು.

"ಇಲ್ಲಕ್ಕ" ಎಂದಳು. "ಪಟ ಅಷ್ಟು ಚೆನ್ನಾಗಿ ಬಂದಿತ್ತು."